ಪಿನ್ನು ಮುರಿದ ಕಿತ್ತಳೆ ವೈರು

ಸಕ್ಕರೆ ತೆಗೆಯುವ ಬೀಟ್ ಗೆಡ್ಡೆಯ ಕೊಯ್ಲಿಗೆ ಬಂದವರೆಲ್ಲ ಮೆಟ್ಟಿಲ ಬಳಿಯೇ ಬೂಟು ಬಿಚ್ಚುತ್ತಾರೆ. ಬಿಚ್ಚದೆ ಗತಿಯಿಲ್ಲ. ಅಮೆರಿಕದ ಉತ್ತರ ಡಕೋಟಾದ ಕಪ್ಪು ಕೆಸರು ಒಮ್ಮೆ ಗಾಲಿ ಮೇಲಿನ ಮನೆಯಾದ ಟ್ರೇಲರಿನೊಳಗೆ ಕಾಲಿಟ್ಟರೆ ಮುಂದಿನ ಬೇಸಿಗೆಯವರೆಗೂ ಹೊರಗೆ ಹೋಗುವ ಮಾತೇ ಇಲ್ಲ. ಹಾಗಾಗಿ ಒಂದು ಕೈಯಲ್ಲಿ ಬಾಗಿಲ ಪಕ್ಕದ ಕಬ್ಬಿಣದ ಹಿಡಿ ಹಿಡಿದು, ಇನ್ನೊಂದು ಕೈಯಲ್ಲಿ ಬೂಟು ಎಳೆದು, ಒದ್ದೆ ಸಾಕ್ಸಿನಲ್ಲಿ ನೆಲದ ಮೇಲೆ ಒಂದು ಕ್ಷಣ ನಿಂತು, ಆಮೇಲೆ ಒಳಗೆ ಹೋಗುವುದು ಇಲ್ಲಿನವರ ರೂಢಿ.

ವಿಲ್ಮಾ ಟ್ಯಾಕೆಟ್ ಆ ದಿನ ಕೆಲಸ ಮುಗಿಸಿ ಬಂದವಳು ಹಾಗೆಯೇ ಮಾಡಿದಳು. ಹಿಡಿ ಅವಳ ಬೆರಳನ್ನು ಕಚ್ಚಿತು.

"ಡೆಲ್! ಈ ಹಿಡಿ ಮತ್ತೆ ಕಚ್ತು ಕಣೋ!"

ಒಳಗೆ ಅವಳ ಗಂಡ ಡೆಲ್ಬರ್ಟ್ ಕಾಲು ಚಾಚಿ ಕಾಫಿ ಕುಡಿಯುತ್ತಿದ್ದ. "ಚಳಿ ಶುರುವಾಯ್ತಲ್ಲ. ಸ್ವೆಟರ್ ತೆಗೆದ್ರೂ ಚಟಪಟ ಅನ್ನತ್ತೆ. ಇದೂ ಅದೇ."

"ಸ್ವೆಟರು ಒಂದ್ಸಲ ಚಟ್ ಅಂದು ಸುಮ್ಮನಾಗತ್ತೆ. ಇದು ಹಿಡ್ಕೊಂಡಷ್ಟು ಹೊತ್ತೂ ಜುಮ್ ಅಂತಿದೆ."

"ಹಾಗಾದ್ರೆ ಹಿಡ್ಕೋಬೇಡ."

ಡೆಲ್ಬರ್ಟ್ ಮೂವತ್ತೊಂದು ವರ್ಷ ಬ್ರೆಡ್ಡಿನ ವ್ಯಾನು ಓಡಿಸಿದವನು. ಊರೂರು ತಿರುಗಿದವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ಅವನದು. ನಿವೃತ್ತಿಯಾದ ಮೇಲೆ ಮನೆ ಮಾರಿ ಈ ಟ್ರೇಲರ್ ಕೊಂಡಿದ್ದರು. ಚಳಿಗಾಲಕ್ಕೆ ಅರಿಜೋನಾ, ಅಕ್ಟೋಬರಿಗೆ ಬೀಟ್ ಕೊಯ್ಲು. ಇವರಂಥವರು ಆ ಬಿಡಾರದಲ್ಲಿ ನೂರಿಪ್ಪತ್ತು ಮಂದಿ ಇದ್ದರು. ಹಗಲಿಡೀ ಲಾರಿಗಳು ತಂದು ಸುರಿಯುವ ಬೀಟ್ ಗೆಡ್ಡೆಗಳನ್ನು ಗುಡ್ಡವಾಗಿ ಒಟ್ಟಿಸುವ ಕೆಲಸ. ಸಂಜೆ ಮೈಕೈ ನೋವು. ಅಷ್ಟರಲ್ಲಿ ಕೈ ಜುಮ್ಮೆಂದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ವಿಲ್ಮಾ ತಲೆ ಕೆಡಿಸಿಕೊಂಡಳು. ಮರುದಿನ ಬೆಳಿಗ್ಗೆ ಎರಡು ಟ್ರೇಲರ್ ಆಚೆಗಿದ್ದ ಐವರ್ ಸೊಲ್ಬರ್ಗನನ್ನು ಕರೆತಂದಳು. ಐವರ್ ಇಡೀ ಆಯುಷ್ಯ ಕರೆಂಟ್ ಕಂಬ ಹತ್ತಿದ ಮುದುಕ. ಮಾತು ಕಡಿಮೆ, ಆಡಿದರೆ ನೇರ.

"ಬಂದ್ರಪ್ಪ ಕಂಬದ ಡಾಕ್ಟ್ರು," ಎಂದ ಡೆಲ್ಬರ್ಟ್. "ನಾಡಿ ನೋಡ್ತೀಯೋ, ನಾಲಿಗೆ ನೋಡ್ತೀಯೋ?"

ಐವರ್ ಬಗ್ಗಿದ. ಒಂದು ಸ್ಕ್ರೂಡ್ರೈವರನ್ನು ಒದ್ದೆ ನೆಲಕ್ಕೆ ಚುಚ್ಚಿದ. ಮೀಟರಿನ ಒಂದು ತಂತಿಯನ್ನು ಅದಕ್ಕೆ, ಇನ್ನೊಂದನ್ನು ಬಾಗಿಲ ಹಿಡಿಗೆ ತಾಗಿಸಿದ. ಮೀಟರು ನೂರ ಹನ್ನೆರಡು ವೋಲ್ಟ್ ಎಂದು ತೋರಿಸಿತು; ಆ ದೇಶದ ಮನೆ ಕರೆಂಟೇ ನೂರಿಪ್ಪತ್ತು.

"ಇದು ಸ್ವೆಟರ್ ಅಲ್ಲ," ಎಂದ ಐವರ್. "ನಿನ್ನ ಇಡೀ ಮನೆ ಮೈಮೇಲೆ ಕರೆಂಟ್ ಹರೀತಾ ಇದೆ. ಅದ್ಯಾವ ವೈರು ಹಾಕಿದ್ದೀಯ, ತೋರ್ಸು."

ವೈರು ಟ್ರೇಲರಿನ ಕೆಳಗಿತ್ತು. ಟ್ರೇಲರ್ ಜೊತೆ ಬಂದಿದ್ದ ದಪ್ಪ ಕಪ್ಪು ವೈರು ಈ ಬಿಡಾರದ ಕಂಬಕ್ಕೆ ಎಟುಕಿರಲಿಲ್ಲ. ಹೊಲದ ಅಂಚಿನಲ್ಲಿ ಕೊಯ್ಲಿಗೆಂದು ತಾತ್ಕಾಲಿಕವಾಗಿ ನೆಟ್ಟ ಹಳೇ ಕಂಬಗಳು ಅವು. ಕರೆಂಟ್ ವಿಪರೀತ ಹರಿದರೆ ಬೀಳುವ ಸ್ವಿಚ್ಚಿತ್ತು, ಆದರೆ ಸ್ವಲ್ಪವೇ ಸೋರುವ ಕರೆಂಟನ್ನೂ ಕಂಡುಹಿಡಿದು ತಾನೇ ಬಂದ್ ಆಗುವ ಸ್ವಿಚ್ಚು ಒಂದರಲ್ಲೂ ಇರಲಿಲ್ಲ. ಡೆಲ್ಬರ್ಟ್ ಹಳೇ ಮನೆಯ ಗ್ಯಾರೇಜಿನಿಂದ ತಂದಿದ್ದ ಕಿತ್ತಳೆ ಬಣ್ಣದ ಉದ್ದನೆಯ ಎಕ್ಸ್‌ಟೆನ್ಶನ್ ವೈರನ್ನು ಅದಕ್ಕೆ ಸಿಕ್ಕಿಸಿದ್ದ. ಹೆಚ್ಚಾಗಿ ಉಳಿದ ಉದ್ದವನ್ನು, ಕಾಲಿಗೆ ತೊಡರಬಾರದೆಂದು, ಅಚ್ಚುಕಟ್ಟಾಗಿ ಸುರುಳಿ ಸುತ್ತಿ ಇಟ್ಟಿದ್ದ.

ಐವರ್ ಮೊದಲು ಕಂಬದ ಸ್ವಿಚ್ಚು ಇಳಿಸಿದ. ಆಮೇಲೆ ಸುರುಳಿಯನ್ನು ಎಳೆದು ವಿಲ್ಮಾಳ ಕೈಗೆ ಕೊಟ್ಟ. "ಮುಟ್ಟಿ ನೋಡು."

ಅಷ್ಟು ಚಳಿಯಲ್ಲೂ ಅದು ಬಿಸಿಯಾಗಿತ್ತು. ಮೇಲಿನ ಪ್ಲಾಸ್ಟಿಕ್ಕು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಪ್ಲಗ್ಗಿನ ಒಂದು ಮೂಲೆ ಕರಕಲಾಗಿತ್ತು.

"ಇದೇನು, ಕಲಿತ ಲೆಕ್ಕವೆಲ್ಲ ಮರೆತ್ಯಾ?" ಎಂದ ಐವರ್. "ನಿನ್ನ ಟ್ರೇಲರು ಮೂವತ್ತು ಆಂಪ್ ಎಳಿಯುತ್ತೆ. ಹೀಟರು, ಮೈಕ್ರೋವೇವು, ನೀರು ಕಾಯ್ಸೋದು ಎಲ್ಲ ಸೇರಿ. ಈ ವೈರು ತೋಟದ ದೀಪಕ್ಕೆ ಮಾಡಿದ್ದು. ಹದಿನಾರು ನಂಬರಿಂದು."

"ಐವರ್, ನಿಂಗೂ ಲೆಕ್ಕ ಬರಲ್ವಾ?" ಡೆಲ್ಬರ್ಟ್ ನಕ್ಕ. "ನಿನ್ನ ಟ್ರೇಲರಿಗೆ ನೀನು ಹಾಕಿರೋದು ಹತ್ತು ನಂಬರಿಂದು, ನಾನೇ ಓದಿದ್ದೀನಿ. ಹದಿನಾರು ದೊಡ್ಡದೋ, ಹತ್ತು ದೊಡ್ಡದೋ?"

"ವೈರಲ್ಲಿ ನಂಬರ್ ಚಿಕ್ಕದಾದಷ್ಟೂ ಒಳಗಿನ ತಂತಿ ದಪ್ಪ ಕಣಯ್ಯ. ಹತ್ತು ನಂಬರಿಂದು ನಿನ್ನ ಹೆಬ್ಬೆರಳಿನಷ್ಟು ದಪ್ಪ ಇರತ್ತೆ. ಇದು ಪೆನ್ಸಿಲ್. ನೋಡಿದ್ರೆ ಗೊತ್ತಾಗಲ್ವಾ?"

ಡೆಲ್ಬರ್ಟ್ ನಗು ನಿಲ್ಲಿಸಿದ. ಐವರ್ ಪ್ಲಗ್ಗನ್ನು ಅವನ ಮೂಗಿನ ಮುಂದೆ ಹಿಡಿದ. ಮೂರು ಪಿನ್ನು ಇರಬೇಕಾದಲ್ಲಿ ಎರಡೇ ಇದ್ದವು.

"ಮೂರನೇದು ಎಲ್ಲಿ?"

"ಹಳೇ ಮನೇಲಿ ಎರಡೇ ತೂತಿದ್ದ ಪ್ಲಗ್ ಪಾಯಿಂಟಿತ್ತು. ಇದು ಹೋಗ್ತಿರಲಿಲ್ಲ. ಇಕ್ಕಳದಲ್ಲಿ ಮುರಿದೆ."

"ಅದು ಅರ್ಥಿಂಗ್ ಪಿನ್ನು. ಒಳಗೆ ಎಲ್ಲಾದ್ರೂ ಕರೆಂಟ್ ಸೋರಿದ್ರೆ ಅದನ್ನ ವಾಪಸ್ ಕರ್ಕೊಂಡ್ಹೋಗಿ ಸ್ವಿಚ್ಚು ಬೀಳಿಸೋದು ಅದರ ಕೆಲಸ. ನೀನು ಆ ದಾರಿ ಮುರಿದು ಹಾಕಿದ್ದೀಯ. ಈಗ ಕರೆಂಟಿಗೆ ಉಳಿದಿರೋದು ಒಂದೇ ದಾರಿ." ಐವರ್ ವಿಲ್ಮಾಳ ಕಡೆ ಬೆರಳು ತೋರಿಸಿದ. "ಇವಳು."

ಡೆಲ್ಬರ್ಟ್ ಆಗಲೂ ಒಪ್ಪಲಿಲ್ಲ. ಎರಡು ವಾರ ತಾನೇ, ಹೇಗೋ ಕಳೆಯುತ್ತೆ ಎಂದ. ಹೊಸ ವೈರು ಬೇಕೆಂದರೆ ಮೂವತ್ತೈದು ಮೈಲಿ ಪೇಟೆಗೆ ಹೋಗಬೇಕು ಎಂದ. ಇಷ್ಟು ವರ್ಷ ಏನಾಗಿದೆ ಎಂದ. ಗಂಡಸರು ತಪ್ಪು ಮಾಡಿ ಸಿಕ್ಕಿಬಿದ್ದಾಗ ಆಡುವ ಮಾತನ್ನೆಲ್ಲ ಒಂದೂ ಬಿಡದೆ ಆಡಿದ.

ವಿಲ್ಮಾ ಜಗಳವಾಡಲಿಲ್ಲ. ಹೊದಿಕೆ, ದಿಂಬು ಎತ್ತಿಕೊಂಡು ಪಿಕಪ್ ಗಾಡಿಯ ಸೀಟಿನ ಮೇಲೆ ಹಾಕಿದಳು.

"ಇದೇನೇ?"

"ಸರಿಯಾದ ವೈರು ಬರೋವರೆಗೂ ನಾನು ಗಾಡೀಲಿ ಇರ್ತೀನಿ. ನೀನು ಒಳಗೆ ಆರಾಮಾಗಿರು. ಹಿಡಿ ಹಿಡ್ಕೋಬೇಡ ಅಷ್ಟೆ."

ಮಧ್ಯಾಹ್ನದ ಹೊತ್ತಿಗೆ ಡೆಲ್ಬರ್ಟ್ ಪೇಟೆಗೆ ಹೊರಟ. ಐವರ್ ಕಿಟಕಿಗೆ ಬಾಗಿ ಇನ್ನೊಮ್ಮೆ ಹೇಳಿದ: "ಹತ್ತು ನಂಬರಿಂದು. ಮೂರು ಪಿನ್ನಿಂದು. ಟ್ರೇಲರಿಗೆ ಅಂತಾನೇ ಮಾಡಿದ್ದು, ಮೂವತ್ತು ಆಂಪ್ ಅಂತ ಅದರ ಮೇಲೇ ಬರ್ದಿರಬೇಕು. ಮಳೆ ಬಿಸಿಲು ತಡ್ಕೊಳ್ಳೋದು. ಪರೀಕ್ಷೆ ಮಾಡಿದೋರ ಮುದ್ರೆ ಇದ್ಯಾ ನೋಡು. ಮುದ್ರೆ ಇಲ್ಲದ್ದು ಎಷ್ಟು ಚಂದ ಇದ್ರೂ ಬೇಡ. ಬೇಕಾದಷ್ಟೇ ಉದ್ದ ತಗೋ. ಹೆಚ್ಚು ತಂದು ಮತ್ತೆ ಸುರುಳಿ ಸುತ್ತಬೇಡ."

ಸಂಜೆಯೊಳಗೆ ಹೊಸ ವೈರು ಬಂತು. ಐವರ್ ತಾನೇ ನಿಂತು ಹಾಕಿಸಿದ. ಕಂಬದ ಸ್ವಿಚ್ಚು ಏರಿಸಿದ್ದೇ ತಡ, ಅದು ಟಕ್ಕೆಂದು ತಾನೇ ಬಿತ್ತು.

"ನೋಡಿದ್ಯಾ, ನಿನ್ನ ಹೊಸ ವೈರೂ ಕೆಟ್ಟದ್ದೇ," ಎಂದ ಡೆಲ್ಬರ್ಟ್.

"ವೈರು ಅದರ ಕೆಲಸ ಮಾಡ್ತು. ಕಳ್ಳ ಒಳಗಿದ್ದಾನೆ," ಎಂದ ಐವರ್. ಒಂದೊಂದೇ ಸ್ವಿಚ್ಚು ಹಾಕಿ ನೋಡಿದಾಗ ನೀರು ಕಾಯಿಸುವ ಡ್ರಮ್ಮಿನ ಒಳಗಿನ ಕಾಯಿಲ್ಲು ಸೀಳಿ ಕರೆಂಟ್ ಸೋರುತ್ತಿದ್ದದ್ದು ಗೊತ್ತಾಯಿತು. ಅದನ್ನು ಬಿಡಿಸಿದರು. ಮೀಟರು ಸೊನ್ನೆ ತೋರಿಸಿತು. ವಿಲ್ಮಾ ಬೂಟು ಬಿಚ್ಚಿ, ಹಿಡಿ ಹಿಡಿದು, ಒದ್ದೆ ನೆಲದ ಮೇಲೆ ಬೇಕೆಂದೇ ನಿಂತಳು. ಏನೂ ಆಗಲಿಲ್ಲ. ಡೆಲ್ಬರ್ಟನ ಮುಖ ಸಣ್ಣದಾಯಿತು. "ಸರಿ ಮಾರಾಯ್ತಿ, ನೀನೇ ಗೆದ್ದೆ," ಎಂದ.

ಹೋಗುವಾಗ ಐವರ್ ಕಿತ್ತಳೆ ವೈರಿನ ಕಡೆ ಕೈ ತೋರಿಸಿದ. "ಅದನ್ನ ಕತ್ತರಿಸಿ ಬಿಸಾಕು."

"ಆಯ್ತಾಯ್ತು," ಎಂದ ಡೆಲ್ಬರ್ಟ್.

ಇಂಥ ಕಥೆಗಳು ಇಲ್ಲಿಗೆ ಮುಗಿಯುತ್ತವೆ. ಹಟಮಾರಿ ಗಂಡ ಸೋಲುತ್ತಾನೆ, ಹೆಂಡತಿ ಗೆಲ್ಲುತ್ತಾಳೆ, ಕೇಳಿದವರು ತಲೆದೂಗಿ ಎದ್ದು ಹೋಗುತ್ತಾರೆ. ನನಗೂ ಇಲ್ಲಿಗೇ ನಿಲ್ಲಿಸುವ ಆಸೆ. ಆದರೆ ಡೆಲ್ಬರ್ಟ್ ಆ ವೈರನ್ನು ಕತ್ತರಿಸಲಿಲ್ಲ.

ಬಿಡಾರದ ಬಟ್ಟೆ ಒಗೆಯುವ ಕೋಣೆಯ ಪಕ್ಕ ಒಂದು ಮೇಜು ಇರುತ್ತದೆ. ಟ್ರೇಲರಿನ ಬಾಳು ಎಂದರೆ ಇಕ್ಕಟ್ಟಿನ ಬಾಳು. ಒಂದು ಸಾಮಾನು ಬಂದರೆ ಇನ್ನೊಂದು ಹೋಗಬೇಕು. ತನಗೆ ಬೇಡವಾದದ್ದನ್ನು ಆ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ. ಬೇಕಾದವರು ಕೇಳದೆ ಒಯ್ಯಬಹುದು. ಬಾಣಲೆ, ಓದಿ ಮುಗಿಸಿದ ಪುಸ್ತಕ, ನೀರಿನ ಪೈಪು, ಕುರ್ಚಿ. ಬಹಳ ಒಳ್ಳೆಯ ಪದ್ಧತಿ. ಡೆಲ್ಬರ್ಟನಿಗೆ ಗಟ್ಟಿಮುಟ್ಟಾದ ಐವತ್ತು ಅಡಿ ವೈರನ್ನು ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ. ಕರಕಲಾದ ಪ್ಲಗ್ಗಿಗೆ ಕಪ್ಪು ಟೇಪು ಸುತ್ತಿ, ನೀಟಾಗಿ ಒರೆಸಿ, ಮೇಜಿನ ಮೇಲೆ ಇಟ್ಟ. ಯಾರಿಗಾದರೂ ದೀಪ ಹಾಕಲು ಆಗುತ್ತದೆ ಎಂದುಕೊಂಡ. ಕೆಟ್ಟ ಬುದ್ಧಿಯಿಂದ ಇಟ್ಟದ್ದಲ್ಲ. ಅದೇ ಹೊಟ್ಟೆ ಉರಿಯುವ ಮಾತು.

ವಿಲ್ಮಾ ಅದನ್ನು ನೋಡಿದಳು. ಮರುದಿನ ಒಗೆಯುವ ಬಟ್ಟೆಯ ಬುಟ್ಟಿ ಹೊತ್ತು ಹೋಗುವಾಗ ಕಣ್ಣಿಗೆ ಬಿತ್ತು. ಟೇಪು ಸುತ್ತಿದ್ದರೂ ಗುರುತು ಹಿಡಿದಳು. ಈ ಮನುಷ್ಯನಿಗೆ ಬುದ್ಧಿ ಎಂದು ಬರುತ್ತದೋ ಎಂದು ಗೊಣಗಿದಳು. ಕೈ ತುಂಬ ಬುಟ್ಟಿ, ಮೇಲೆ ತುಂತುರು ಮಳೆ. ವಾಪಸ್ ಬರುವಾಗ ತೆಗೆದರಾಯಿತು ಎಂದುಕೊಂಡಳು. ವಾಪಸ್ ಬರುವಾಗ ಯಾರೋ ಮಾತಿಗೆ ಸಿಕ್ಕರು. ಅವಳು ಬೇರೆ ದಾರಿಯಲ್ಲಿ ಮನೆಗೆ ಹೋದಳು.

ವಿಲ್ಮಾಳ ಜೊತೆ ಅದೇ ಬೀಟ್ ಗುಡ್ಡದಲ್ಲಿ ಲಾರಿಗಳಿಗೆ ಕೈ ತೋರಿಸುವ ಕೆಲಸಕ್ಕೆ ಹೆಸ್ಟರ್ ಎಂಬವಳಿದ್ದಳು. ನೆಬ್ರಾಸ್ಕಾದ ಒಂದು ಶಾಲೆಯಲ್ಲಿ ಅಡುಗೆಯವಳಾಗಿದ್ದವಳು. ಗಂಡ ತೀರಿದ ಮೇಲೆ ಪುಟ್ಟದೊಂದು ಟ್ರೇಲರ್ ಕೊಂಡು ನಾಲ್ಕು ತಿಂಗಳಾಗಿತ್ತಷ್ಟೆ. ಟ್ರೇಲರ್ ಕಟ್ಟಿದ ಗಾಡಿಯನ್ನು ಹಿಂದಕ್ಕೆ ತೆಗೆಯಲು ಬರದು, ಕೊಳವೆ ಜೋಡಿಸಲು ಬರದು. ಯಾರು ಏನು ಹೇಳಿದರೂ ಚೀಟಿಯಲ್ಲಿ ಬರೆದುಕೊಳ್ಳುವಳು. ಅವಳಿಗೆ ಸಿಕ್ಕಿದ್ದು ಸಾಲಿನ ಕೊನೆಯ ಜಾಗ, ಕಂಬ ಬಹಳ ದೂರ.

"ಎರಡು ಕೋಟು ಹಾಕ್ಕೊಂಡು ಮಲಗ್ತಿದ್ದೀನಿ ವಿಲ್ಮಾ," ಎಂದಿದ್ದಳು ಮೊದಲ ದಿನವೇ. "ನಗಬೇಡಿ. ಗ್ಯಾಸ್ ಹೀಟರ್ ಹಚ್ಚೋಕೆ ಭಯ, ಕರೆಂಟ್ ಎಟುಕ್ತಿಲ್ಲ."

ವಿಲ್ಮಾ ಹೊಸ ವೈರಿನ ಕಥೆಯನ್ನು ಅವಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಡೆಲ್ಬರ್ಟನ ಹದಿನಾರು ದೊಡ್ಡದೋ ಹತ್ತು ದೊಡ್ಡದೋ ಎಂಬ ಮಾತು ಇಡೀ ಬಿಡಾರಕ್ಕೆ ಗೊತ್ತಾಗುತ್ತದೆ, ಜನ ನಗುತ್ತಾರೆ. ಗಂಡನ ಮರ್ಯಾದೆ ಉಳಿಯಲಿ ಎಂದು ಬಾಯಿ ಮುಚ್ಚಿಕೊಂಡಳು.

ಗುರುವಾರ ಬೆಳಿಗ್ಗೆ ಹೆಸ್ಟರ್ ಕುಂಬಳಕಾಯಿ ಬ್ರೆಡ್ಡು ತಂದಿದ್ದಳು. ಮುಖ ಅರಳಿತ್ತು.

"ತಗೊಳ್ಳಿ, ನಾನೇ ಬೇಯಿಸಿದ್ದು. ಕೊನೆಗೂ ಕರೆಂಟ್ ಬಂತು! ಹೀಟರ್ ಹಾಕ್ಕೊಂಡು ರಾಣಿ ಥರ ಮಲಗಿದ್ದೆ."

"ಅಂತೂ ಕೋಟು ಬಿಚ್ಚಿದ್ರಿ," ಎಂದಳು ವಿಲ್ಮಾ.

ಅಷ್ಟರಲ್ಲಿ ಎರಡು ಲಾರಿ ಒಟ್ಟಿಗೆ ಬಂದವು. ವಿಲ್ಮಾ ಕೈ ಬೀಸುತ್ತ ಓಡಿದಳು. ಕರೆಂಟ್ ಹೇಗೆ ಬಂತು ಎಂದು ಕೇಳಲಿಲ್ಲ.

ಹನ್ನೊಂದಕ್ಕೆ ಜೋರು ಮಳೆ ಹಿಡಿಯಿತು. ಮಳೆಯಲ್ಲಿ ಬೀಟ್ ಕೀಳಲಾಗದು. ಮೇಸ್ತ್ರಿ ಶಿಳ್ಳೆ ಊದಿ ಎಲ್ಲರನ್ನೂ ಮನೆಗೆ ಕಳಿಸಿದ. ನೂರಿಪ್ಪತ್ತು ಮಂದಿ ತೊಪ್ಪೆಯಾಗಿ, ಮೊಣಕಾಲವರೆಗೆ ಕೆಸರಾಗಿ, ಒಮ್ಮೆಲೇ ಬಿಡಾರಕ್ಕೆ ಬಂದರು.

"ಎರಡು ಗಂಟೆಗೆ ಬನ್ನಿ, ಸೂಪ್ ಮಾಡಿರ್ತೀನಿ. ಡೆಲ್ಬರ್ಟನ್ನೂ ಕರ್ಕೊಂಡ್ಬನ್ನಿ," ಎಂದು ಹೆಸ್ಟರ್ ಗಾಡಿಯಿಂದ ಇಳಿದು ಸಾಲಿನ ಕೊನೆಗೆ ನಡೆದಳು.

ವಿಲ್ಮಾ ಒಳಗೆ ಹೋಗಿ ತಲೆ ಒರೆಸಿಕೊಳ್ಳುತ್ತಿದ್ದಾಗ ಹೊರಗೆ ಕೂಗು ಕೇಳಿತು. ಓಡಿದಳು. ಹೆಸ್ಟರ್ ತನ್ನ ಮೆಟ್ಟಿಲ ಬುಡದಲ್ಲಿ, ನೀರು ನಿಂತ ಕೆಸರಿನಲ್ಲಿ ಬಿದ್ದಿದ್ದಳು. ಒಂದು ಕಾಲಿನಲ್ಲಿ ಬೂಟಿತ್ತು, ಇನ್ನೊಂದರಲ್ಲಿ ಸಾಕ್ಸು. ಕೈ ಇನ್ನೂ ಹಿಡಿಯಲ್ಲೇ ಸಿಕ್ಕಿಕೊಂಡಿತ್ತು. ಒಬ್ಬ ಹೆಂಗಸು ಅವಳನ್ನು ಎತ್ತಲು ಬಾಗಿದಳು.

"ಮುಟ್ಟಬೇಡಿ! ಯಾರೂ ಮುಟ್ಟಬೇಡಿ!" ಐವರ್ ಆ ವಯಸ್ಸಿನಲ್ಲಿ ಓಡಿ ಬಂದ. ಮೊದಲು ಕಂಬಕ್ಕೆ ಹೋಗಿ ಸ್ವಿಚ್ಚು ಇಳಿಸಿದ. ಆಮೇಲೆ ಅವಳನ್ನು ಎಳೆದು ಮಲಗಿಸಿ, ಎದೆ ಒತ್ತಲು ಕುಳಿತ. ಆಂಬುಲೆನ್ಸಿಗೆ ಇಪ್ಪತ್ತಾರು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಮುದುಕ ಒತ್ತಿದ. ಕೈ ಸೋತಾಗ ಬೇರೆಯವರು ಒತ್ತಿದರು. ಬಂದವರು ನೋಡಿ, ಪ್ರಾಣ ಹೋಗಿದೆ ಎಂದರು.

ಕಂಬದಿಂದ ಟ್ರೇಲರಿನವರೆಗೆ ಕಿತ್ತಳೆ ವೈರು ನೀರಿನಲ್ಲಿ ಮಲಗಿತ್ತು. ಐವರ್ ಅದರ ತುದಿ ಕಿತ್ತು ನೋಡಿದ. ಕಪ್ಪು ಟೇಪು. ಎರಡೇ ಪಿನ್ನು. ಕರಗಿದ ಪ್ಲಾಸ್ಟಿಕ್ಕಿನ ಒಳಗೆ ಕರೆಂಟಿನ ತಂತಿ ಅರ್ಥಿಂಗ್ ತಂತಿಗೆ ತಾಗಿ, ಟ್ರೇಲರಿನ ಮೈಗೆಲ್ಲ ಕರೆಂಟ್ ಹರಿಸಿತ್ತು. ಅವನು ಗುಂಪಿನಲ್ಲಿದ್ದ ಡೆಲ್ಬರ್ಟನ ಕಡೆ ತಿರುಗಿದ. ಆ ತುದಿಯನ್ನು ಅವನ ಕೈಯಲ್ಲಿಟ್ಟು ಹೊರಟು ಹೋದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವತ್ತಿನಿಂದ ಡೆಲ್ಬರ್ಟ್ ಊಟಕ್ಕೆ ಕುಳಿತರೂ ತಿನ್ನಲಿಲ್ಲ. "ಕತ್ತರಿಸು ಅಂದಿದ್ದ," ಎಂಬುದೊಂದೇ ಮಾತು. ವಿಲ್ಮಾ ಅವನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಬೈಯಲು ಅವಳಿಗೆ ಯಾವ ಬಾಯಿ? ಬುಟ್ಟಿ ಕೆಳಗಿಟ್ಟು ಆ ವೈರನ್ನು ಎತ್ತಿಕೊಳ್ಳಲು ಅವಳಿಗೇನು ಕೈ ಇರಲಿಲ್ಲವೇ? ಈ ಪ್ರಶ್ನೆಯನ್ನು ಅವಳು ದಿನಕ್ಕೆ ಹತ್ತು ಸಲ ತನಗೇ ಕೇಳಿಕೊಂಡಳು.

ಭಾನುವಾರ ಹೆಸ್ಟರಳ ತಂಗಿ ನಡೀನ್ ಟ್ರೇಲರ್ ಒಯ್ಯಲು ಬಂದಳು. ವಿಲ್ಮಾ ಅವಳನ್ನು ಒಳಗೆ ಕರೆದು ಕಾಫಿ ಕೊಟ್ಟಳು.

"ಅಕ್ಕ ಬುಧವಾರ ಫೋನ್ ಮಾಡಿದ್ಲು," ಎಂದಳು ನಡೀನ್. "ಇಲ್ಲಿಯ ಜನ ಎಷ್ಟು ಒಳ್ಳೆಯವರು ಗೊತ್ತಾ ಅಂದ್ಲು. ಯಾರೋ ಒಂದು ವೈರು ಬಿಟ್ಟಿಯಾಗಿ ಇಟ್ಟು ಹೋಗಿದ್ದಾರೆ, ನಂಗೆ ಪೇಟೆಗೆ ಹೋಗೋ ಕಷ್ಟ ತಪ್ಪಿತು ಅಂದ್ಲು. ಅವರು ಯಾರು ಅಂತ ಗೊತ್ತಾದ್ರೆ ಬ್ರೆಡ್ಡು ಕೊಡಬೇಕು ಅಂತಿದ್ಲು." ಅವಳು ಕಣ್ಣೊರೆಸಿಕೊಂಡಳು. "ಹಿಡಿ ಮುಟ್ಟಿದ್ರೆ ಜುಮ್ ಅನ್ನತ್ತೆ, ಹೊಸ ಮನೆ ನನ್ನ ಕಚಗುಳಿ ಇಡ್ತಿದೆ ಅಂತ ನಕ್ಳು. ನಾನೂ ನಕ್ಕೆ."

ಡೆಲ್ಬರ್ಟ್ ಮೇಜಿನ ಅಂಚು ಹಿಡಿದು ಎದ್ದು ನಿಂತ.

"ಅದು ನನ್ನ ವೈರು," ಎಂದ. "ಕೆಟ್ಟದ್ದು ಅಂತ ಗೊತ್ತಿತ್ತು. ನಾನೇ ಇಟ್ಟಿದ್ದು."

"ನಾನೂ ನೋಡಿದ್ದೆ," ಎಂದಳು ವಿಲ್ಮಾ. "ನೋಡಿ ಬಿಟ್ಟು ಬಂದೆ."

ನಡೀನ್ ಇಬ್ಬರ ಮುಖವನ್ನೂ ನೋಡಿದಳು. ಕಾಫಿಯ ಲೋಟವನ್ನು ನಿಧಾನವಾಗಿ ಕೆಳಗಿಟ್ಟಳು. "ಗೊತ್ತಿತ್ತಾ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. ಬೂಟು ಹಾಕಿಕೊಂಡು ಹೊರಟು ಹೋದಳು. ಕ್ಷಮಿಸಿದೆ ಎನ್ನಲಿಲ್ಲ. ಯಾಕೆ ಅನ್ನಬೇಕು?

ಓದುವವರೇ, ಟ್ರೇಲರ್ ಇದ್ದವರು ಇವತ್ತೇ ಕೆಳಗೆ ಬಗ್ಗಿ ನಿಮ್ಮ ವೈರು ನೋಡಿ. ಮೂರೂ ಪಿನ್ನು ಇವೆಯೇ? ನಿಮ್ಮ ಗಾಡಿ ಎಳೆಯುವಷ್ಟು ಆಂಪನ್ನು ಹೊರುವ ದಪ್ಪ ಅದಕ್ಕಿದೆಯೇ? ನಂಬರ್ ಚಿಕ್ಕದಾದರೆ ತಂತಿ ದಪ್ಪ, ನೆನಪಿರಲಿ. ಪರೀಕ್ಷೆಯ ಮುದ್ರೆ ಇದೆಯೇ? ಸುರುಳಿ ಸುತ್ತಿದ್ದರೆ ಬಿಚ್ಚಿ ಹಾಸಿ. ಅರ್ಧ ಗಂಟೆ ಹೀಟರ್ ಉರಿಸಿ, ಕಂಬದ ಸ್ವಿಚ್ಚು ಇಳಿಸಿ, ಪ್ಲಗ್ಗು ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಆ ವೈರು ನಿಮಗೆ ತಕ್ಕದ್ದಲ್ಲ. ಬಾಗಿಲ ಹಿಡಿ ಜುಮ್ಮೆಂದರೆ ನಗಬೇಡಿ, ಇನ್ನೊಮ್ಮೆ ಮುಟ್ಟಬೇಡಿ. ಸ್ವಿಚ್ಚು ಇಳಿಸಿ, ತಿಳಿದವರನ್ನು ಕರೆಯಿರಿ. ಟ್ರೇಲರ್ ಇಲ್ಲದವರ ಮನೆಯಲ್ಲೂ ನೀರಿನ ಮೋಟಾರಿಗೆ, ಶಾಮಿಯಾನದ ದೀಪಕ್ಕೆ ಎಳೆದ ವೈರು ಇದ್ದೇ ಇರುತ್ತದೆ. ಅದಕ್ಕೂ ಇದೇ ಮಾತು. ನಿಮ್ಮ ಮನೆಯಲ್ಲಿ ಇಂಥ ತಪ್ಪು ನಡೆದಿದ್ದರೆ ನಾಚಿಕೆ ಬಿಟ್ಟು ಪಕ್ಕದವರಿಗೆ ಹೇಳಿ. ಅವರು ನಕ್ಕರೆ ನಗಲಿ, ಬದುಕಿರುತ್ತಾರೆ.

ಕೆಟ್ಟ ವೈರನ್ನು ಮಾತ್ರ ಯಾರಿಗೂ ಕೊಡಬೇಡಿ, ಎಲ್ಲೂ ಇಡಬೇಡಿ. ಪ್ಲಗ್ ಪಾಯಿಂಟಿನಿಂದ ಕಿತ್ತು, ಎರಡೂ ತುದಿಯ ಪ್ಲಗ್ಗು ಕತ್ತರಿಸಿ, ಆಮೇಲೆ ಎಸೆಯಿರಿ. ಅದಕ್ಕೆ ಒಂದು ನಿಮಿಷ ಸಾಕು. ಡೆಲ್ಬರ್ಟನಿಗೆ ಆ ಒಂದು ನಿಮಿಷ ಇತ್ತು. ವಿಲ್ಮಾಳಿಗೂ ಇತ್ತು.